ಮೈತುಂಬ ಉಡುವ ಬಟ್ಟೆಯಲ್ಲಿ ವಿನ್ಯಾಸಕ್ಕೆ ಜಾಗವೆಲ್ಲಿದೆ?

ಪ್ರಶ್ನೆ: ನಾನು ಮಂಗಳೂರಿನಲ್ಲಿ ಉಡುಪು ವಿನ್ಯಾಸದ ಡಿಪ್ಲೊಮಾ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಮುಸ್ಲಿಂ ಮಹಿಳೆಯರ ಮೈತುಂಬ ಉಡುಪನ್ನು ಆರಿಸಿಕೊಂಡಿದ್ದೇನೆ. ‘ಕಪ್ಪು ನಿಲುವಂಗಿಗೆ ಹರಳು ಅಂಟಿಸುವುದನ್ನು ಬಿಟ್ಟರೆ ಅದರಲ್ಲಿ ವಿನ್ಯಾಸ ಮಾಡಲು ಏನಿದೆ?’ ಎಂದು ಸಹಪಾಠಿಗಳು ಕೇಳುತ್ತಾರೆ. ಮನೆಯಲ್ಲಿ ಬುರ್ಖಾ ಹೊಲಿಯುವ ಅಮ್ಮನೂ ಗಿರಾಕಿಗಳು ಬಯಸುವುದು ಹರಳನ್ನೇ ಎನ್ನುತ್ತಾರೆ. ಈ ಉಡುಪಿನಲ್ಲಿ ನಿಜಕ್ಕೂ ವೈವಿಧ್ಯಕ್ಕೆ ಅವಕಾಶವಿದೆಯೇ? ಇದ್ದರೆ ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ಸಹಪಾಠಿಗಳ ಮಾತಿನಲ್ಲಿ ಒಂದಂಶ ನಿಜ, ಅದನ್ನು ಮೊದಲೇ ಒಪ್ಪಿಕೊಳ್ಳೋಣ. ಬೆಂಗಳೂರಿನ ಶಿವಾಜಿನಗರದಲ್ಲಾಗಲಿ ನಿಮ್ಮೂರಿನ ಮಾರುಕಟ್ಟೆಯಲ್ಲಾಗಲಿ ಇಂದು ಅಂಗಡಿಗಳ ಮುಂದೆ ತೂಗುಹಾಕಿರುವ ಬುರ್ಖಾಗಳಲ್ಲಿ ಬಹುಪಾಲು ಒಂದೇ ಅಚ್ಚಿನಲ್ಲಿ ತೆಗೆದಂತಿವೆ. ನಿದಾ ಎಂಬ ಅದೇ ಕಪ್ಪು ಪಾಲಿಯೆಸ್ಟರ್ ಬಟ್ಟೆ, ಅದೇ ನೇರ ಕತ್ತರಿಕೆ. ಬದಲಾಗುವುದು ತೋಳಿನ ತುದಿಯ ಲೇಸು ಮತ್ತು ಎದೆಯ ಮೇಲಿನ ಹರಳು ಮಾತ್ರ. ಆದರೆ ಈ ಏಕತಾನತೆಯನ್ನು ಉಡುಪಿನ ತಲೆಗೆ ಕಟ್ಟುವುದು ಸರಿಯಲ್ಲ. ಅದು ಸಗಟು ವ್ಯಾಪಾರದಿಂದ ಬಂದದ್ದು. ವಿನ್ಯಾಸ ಕಲಿಸುವವಳಾಗಿ ನಾನು ಮೈತುಂಬ ಉಡುಪಿನ ಹೊಸತನವನ್ನು ಕತ್ತರಿಕೆಯಲ್ಲಿ, ಬಟ್ಟೆಯ ಇಳಿವಿನಲ್ಲಿ ಮತ್ತು ಅದು ಮೈಮೇಲೆ ನಿಲ್ಲುವ ಬಗೆಯಲ್ಲಿ ಹುಡುಕುತ್ತೇನೆ. ಬಟ್ಟೆ ದೊಗಳೆಯಾಗಿರಬೇಕು, ಆದರೆ ಕಾಲಿಗೆ ತೊಡರಬಾರದು. ಒಳಗಿನದು ತೋರಬಾರದು, ಆದರೆ ಗಾಳಿ ಆಡಬೇಕು. ತಲೆವಸ್ತ್ರ ಜಾರಬಾರದು, ಆದರೆ ಕಿವಿ ಬಿಗಿಯಬಾರದು. ಒಂದಕ್ಕೊಂದು ಎದುರು ನಿಲ್ಲುವ ಇಷ್ಟು ಬೇಡಿಕೆಗಳನ್ನು ಒಟ್ಟಿಗೆ ಮುಂದಿಡುವ ಉಡುಪುಗಳು ಕಡಿಮೆ, ಮತ್ತು ಇವುಗಳನ್ನು ಒಂದೊಂದು ಊರೂ ತನ್ನ ಬಟ್ಟೆ, ಹವೆ, ಕೈಕಸುಬಿಗೆ ತಕ್ಕಂತೆ ಬಿಡಿಸಿಕೊಂಡದ್ದರಿಂದಲೇ ವೈವಿಧ್ಯ ಹುಟ್ಟಿದೆ.

ಧರ್ಮದ ಮೂಲಪಾಠದಲ್ಲಿ ಏನಿದೆ ಎಂಬುದನ್ನು ನೀವು ಪ್ರಾಜೆಕ್ಟಿನ ಮೊದಲ ಪುಟದಲ್ಲೇ ಬರೆಯಬೇಕು, ಏಕೆಂದರೆ ಅಲ್ಲಿಲ್ಲದ್ದನ್ನು ಅಲ್ಲಿದೆಯೆಂದು ನಂಬಿಕೊಂಡೇ ಅನೇಕ ವಿನ್ಯಾಸಕಾರರು ಕೆಲಸ ಆರಂಭಿಸುತ್ತಾರೆ. ಕುರ್‌ಆನಿನ 24ನೇ ಅಧ್ಯಾಯದ 31ನೇ ವಚನ ಖಿಮಾರನ್ನು, ಅಂದರೆ ತಲೆವಸ್ತ್ರವನ್ನು, ಎದೆಯ ಮೇಲಕ್ಕೆ ಎಳೆದುಕೊಳ್ಳುವಂತೆ ಹೇಳುತ್ತದೆ. 33ನೇ ಅಧ್ಯಾಯದ 59ನೇ ವಚನ ಜಿಲ್ಬಾಬನ್ನು, ಅಂದರೆ ಹೊರ ಹೊದಿಕೆಯನ್ನು, ಹೊದ್ದುಕೊಳ್ಳುವಂತೆ ಹೇಳುತ್ತದೆ. ಬಣ್ಣ ಯಾವುದು, ತುಂಡುಗಳು ಎಷ್ಟು, ಹೊಲಿಗೆ ಎಂಥದು ಎಂಬ ವಿವರ ಎರಡರಲ್ಲೂ ಇಲ್ಲ. ಮುಖ ಮುಚ್ಚಬೇಕೇ ಎಂಬ ವಿಷಯದಲ್ಲಿ ವಿದ್ವಾಂಸರ ನಡುವೆ ಶತಮಾನಗಳಿಂದ ಭಿನ್ನಾಭಿಪ್ರಾಯವಿದೆಯಾದರೂ, ಬಟ್ಟೆ ಸಡಿಲವಾಗಿರಬೇಕು ಮತ್ತು ಪಾರದರ್ಶಕವಾಗಿರಬಾರದು ಎಂಬಷ್ಟರಲ್ಲಿ ಸಾಮಾನ್ಯ ಒಮ್ಮತವಿದೆ. ಉಳಿದದ್ದನ್ನೆಲ್ಲ ತುಂಬಿಕೊಂಡವರು ಆಯಾ ನಾಡಿನ ಹೆಂಗಸರು ಮತ್ತು ದರ್ಜಿಗಳು. ಜಿಲ್ಬಾಬ್ ಎಂಬ ಪದವನ್ನೇ ನೋಡಿ: ಅರಬ್ ನಾಡುಗಳಲ್ಲಿ ಅದು ಮೈಯುದ್ದದ ಹೊರಗಿನ ಉಡುಪು, ಇಂಡೋನೇಷ್ಯಾಕ್ಕೆ ಹೋಗಿ ‘ಜಿಲ್ಬಬ್’ ಆದಾಗ ತಲೆವಸ್ತ್ರವಷ್ಟೇ ಆಯಿತು. ಪಕ್ಕದ ಮಲೇಷ್ಯಾದಲ್ಲಿ ಆ ತಲೆವಸ್ತ್ರ ‘ತುಡುಂಗ್’, ಇರಾನಿನಲ್ಲಿ ‘ರೂಸರಿ’. ಪದವೇ ಹೀಗೆ ಅರ್ಥ ಬದಲಿಸಿಕೊಂಡು ಊರೂರು ತಿರುಗಿರುವಾಗ ಉಡುಪು ಒಂದೇ ರೂಪದಲ್ಲಿ ಉಳಿಯುವುದಾದರೂ ಹೇಗೆ?

ನಮ್ಮ ನಾಡಿನ ಮಟ್ಟಿಗೆ ಹೇಳುವುದಾದರೆ, ಈಗ ಎಲ್ಲರ ಕಣ್ಣಿಗೆ ಬೀಳುವ ಅಬಾಯ ಎಂಬ ಕಪ್ಪು ನಿಲುವಂಗಿ ಹೊಸಬರ ಸಾಲಿಗೆ ಸೇರಿದ್ದು. 1970ರ ದಶಕದ ನಂತರ ಕರಾವಳಿಯಿಂದ ಕೊಲ್ಲಿ ದೇಶಗಳಿಗೆ ದುಡಿಯಲು ಹೋದವರ ಹಿಂದೆ ಅಲ್ಲಿನ ಉಡುಪಿನ ರುಚಿಯೂ ಇಲ್ಲಿಗೆ ಬಂತು. ಅದಕ್ಕೆ ಮೊದಲು ಬ್ಯಾರಿ ಹೆಂಗಸರು ಸೊಂಟಕ್ಕೆ ಸುತ್ತುವ ತುಣಿ, ಮೇಲೆ ತೊಡುವ ಕುಪ್ಪಾಯ ಮತ್ತು ತಲೆಗೊಂದು ಬಟ್ಟೆ ಎಂಬ ಮೂರು ತುಂಡುಗಳ ಉಡುಪಿನಲ್ಲೇ ಮರ್ಯಾದೆಯಿಂದ ಬಾಳಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಳಕಲ್ ಸೀರೆ ಉಟ್ಟು, ಸೆರಗನ್ನು ತಲೆಯ ಮೇಲೆ ಹೊದ್ದು ಹೊಲಕ್ಕೂ ಸಂತೆಗೂ ಹೋಗುವ ಮುಸ್ಲಿಂ ಅಜ್ಜಿಯರನ್ನು ಈಗಲೂ ಕಾಣಬಹುದು. ಹೈದರಾಬಾದಿನ ನಂಟಿರುವ ಮನೆಗಳಲ್ಲಿ ಮದುವಣಗಿತ್ತಿಗೆ ಸುಮಾರು ಆರು ಗಜದ ಖಡಾ ದುಪಟ್ಟಾ ತೊಡಿಸುತ್ತಾರೆ. ಅಷ್ಟುದ್ದದ ಬಟ್ಟೆಯನ್ನು ಹೊಲಿಗೆಯಿಲ್ಲದೆ, ನೆರಿಗೆ ಮತ್ತು ಪಿನ್ನುಗಳ ಬಲದಲ್ಲೇ ಹೆಗಲ ಮೇಲೆ ನಿಲ್ಲಿಸುವುದು ಕಲಿತ ಕೈಯ ಕೆಲಸ.

ಇವೆಲ್ಲಕ್ಕಿಂತ ನಿಮ್ಮ ಸಹಪಾಠಿಗಳಿಗೆ ತೋರಿಸಬೇಕಾದದ್ದು ದಾವೂದಿ ಬೊಹ್ರಾ ಹೆಂಗಸರ ರಿದಾ. ಹುಬ್ಬಳ್ಳಿ, ಬೆಂಗಳೂರಿನಂಥ ಊರುಗಳಲ್ಲೂ ನೆಲೆಸಿರುವ ಈ ಸಮುದಾಯದ ಹೆಂಗಸರ ಹೊರ ಉಡುಪು ಎರಡು ತುಂಡಿನದು: ತಲೆಯಿಂದ ಸೊಂಟದ ಕೆಳಗಿನವರೆಗೆ ಇಳಿಯುವ ಮೇಲುಹೊದಿಕೆ ಮತ್ತು ಕೆಳಗೊಂದು ಲಂಗ. ಮುಖದ ಪಕ್ಕಕ್ಕೆ ‘ಪರ್ದಿ’ ಎಂಬ ಮಡಚುಪಟ್ಟಿಯಿದ್ದು, ಬೇಕೆನಿಸಿದಾಗ ಅದನ್ನು ಎಳೆದುಕೊಳ್ಳಬಹುದು, ಬೇಡವಾದಾಗ ಮಡಚಿಡಬಹುದು. ಬಣ್ಣಗಳು ಗುಲಾಬಿ, ಹಸಿರು, ನೀಲಿ, ಕೆನೆ ಏನೂ ಆಗಬಹುದು. ಸಾಮಾನ್ಯವಾಗಿ ಕಾಣದ ಬಣ್ಣವೆಂದರೆ ಕಪ್ಪೇ. ಅಂಚಿಗೆ ಲೇಸು, ಕ್ರೋಶ, ಕಸೂತಿ, ಬಟ್ಟೆಯ ಮೇಲೆ ಬಟ್ಟೆ ಹಚ್ಚಿದ ಚಿತ್ತಾರ ಬರುತ್ತವೆ. ಕಪ್ಪು ಬಣ್ಣಕ್ಕೂ ಮೈಮುಚ್ಚುವ ಉಡುಪಿಗೂ ಅಗಲಿಸಲಾಗದ ಸಂಬಂಧವಿದೆ ಎಂದು ವಾದಿಸುವವರ ಮುಂದೆ ಒಂದು ರಿದಾವನ್ನು ಹರವಿಟ್ಟರೆ ಬೇರೆ ಮಾತು ಬೇಕಾಗುವುದಿಲ್ಲ.

ಇಂಡೋನೇಷ್ಯಾದ ಬಗ್ಗೆ ಸ್ವಲ್ಪ ದೀರ್ಘವಾಗಿಯೇ ಹೇಳುತ್ತೇನೆ, ಏಕೆಂದರೆ ಈ ಉಡುಪು ಒಂದು ಆಧುನಿಕ ವಿನ್ಯಾಸ ಪರಂಪರೆಯಾಗಿ ಬೆಳೆದದ್ದನ್ನು ಅಲ್ಲಿ ಹಂತಹಂತವಾಗಿ ಗುರುತಿಸಬಹುದು. ಅಲ್ಲಿನ ಹಳೆಯ ರೂಢಿ ಕೆಬಾಯಾ ಎಂಬ ಮೇಲಂಗಿ, ಕೆಳಗೆ ಮೇಣದಿಂದ ಚಿತ್ತಾರ ಬಿಡಿಸಿ ಬಣ್ಣ ಹಾಕಿದ ಬಾಟಿಕ್ ಬಟ್ಟೆ, ತಲೆಯ ಮೇಲೆ ಸಡಿಲವಾಗಿ ಇಳಿಬಿಟ್ಟ ಕೆರುಡುಂಗ್. ಪಶ್ಚಿಮ ಸುಮಾತ್ರಾದ ಮಿನಾಂಗ್ ಹೆಂಗಸರು ಹಬ್ಬದಂದು ತಲೆವಸ್ತ್ರವನ್ನು ಕೋಣದ ಕೊಂಬಿನ ಆಕಾರದಲ್ಲಿ ಮಡಚಿ ಕಟ್ಟುತ್ತಿದ್ದರು. 1980ರ ದಶಕದಲ್ಲಿ ಹೊಸ ಪೀಳಿಗೆಯ ವಿದ್ಯಾರ್ಥಿನಿಯರು ಬಿಗಿಯಾದ ಜಿಲ್ಬಬ್ ತೊಡಲಾರಂಭಿಸಿದಾಗ ಸುಹಾರ್ತೊ ಸರಕಾರಕ್ಕೆ ಅದು ಹಿಡಿಸಲಿಲ್ಲ. 1982ರ ಸಮವಸ್ತ್ರ ನಿಯಮದಡಿ ಸರಕಾರಿ ಶಾಲೆಗಳಲ್ಲಿ ಅದಕ್ಕೆ ಜಾಗವಿಲ್ಲವಾಯಿತು. ನಿಯಮ ಸಡಿಲಗೊಂಡದ್ದು 1991ರಲ್ಲಿ. ಆ ಒಂಬತ್ತು ವರ್ಷಗಳಲ್ಲಿ ಈ ಉಡುಪನ್ನು ಬಯಸಿದವರಿಗೆ ಸಿದ್ಧ ಉಡುಪಿನ ಅಂಗಡಿಗಳಲ್ಲಿ ಹೆಚ್ಚೇನೂ ಸಿಗುತ್ತಿರಲಿಲ್ಲ; ತಾವೇ ಹೊಲಿದುಕೊಳ್ಳಬೇಕಿತ್ತು. 1970ರ ದಶಕದಲ್ಲಿ ಗಾಯಕಿಯಾಗಿ, ನಟಿಯಾಗಿ ಹೆಸರು ಮಾಡಿದ್ದ ಇಡಾ ರೊಯಾನಿ ಮುಸ್ಲಿಂ ಉಡುಪಿನ ವಿನ್ಯಾಸಕ್ಕೆ ಇಳಿದು, ಮೈಮುಚ್ಚುವ ಬಟ್ಟೆ ಹಬ್ಬದ ಬಟ್ಟೆಯೂ ಆಗಬಹುದೆಂದು ತೋರಿಸಿದ ಮೊದಲಿಗರಲ್ಲಿ ಒಬ್ಬರು. ಅವರ ಮಗಳು ಜೆನಹಾರಾ ಮುಂದೆ ಅದೇ ದಾರಿ ಹಿಡಿದರೂ ತಾಯಿಯ ಬಣ್ಣಗಳನ್ನು ಬದಿಗಿಟ್ಟು ಕಪ್ಪು, ಬಿಳುಪು, ಬೂದು ಬಣ್ಣಗಳ ಗಡುಸಾದ ಕತ್ತರಿಕೆಗೆ ಹೆಸರಾದರು.

2010ರಲ್ಲಿ ಜಕಾರ್ತಾದಲ್ಲಿ ‘ಹಿಜಾಬರ್ಸ್ ಕಮ್ಯೂನಿಟಿ’ ಎಂಬ ಯುವತಿಯರ ಗುಂಪು ಹುಟ್ಟಿತು. ಅದರ ಸ್ಥಾಪಕರಲ್ಲಿ ಜೆನಹಾರಾ, ದಿಯಾನ್ ಪೆಲಾಂಗಿ, ರಿಯಾ ಮಿರಾಂಡಾ ಇದ್ದರು. ಮೂವರದೂ ಒಂದೇ ಧರ್ಮ, ಒಂದೇ ಪೀಳಿಗೆ, ಒಂದೇ ಊರಿನ ಮಾರುಕಟ್ಟೆ. ಆದರೂ ಮೂವರ ಉಡುಪುಗಳನ್ನು ಯಾರೂ ಅದಲುಬದಲಾಗಿ ಗುರುತಿಸಲಾರರು. ರಿಯಾ ಮಿರಾಂಡಾ ಅವರದು ತಿಳಿ ಬಣ್ಣಗಳು, ಹಗುರ ಬಟ್ಟೆ, ತಮ್ಮ ಮಿನಾಂಗ್ ಮೂಲದ ವಿನ್ಯಾಸಗಳ ನೆರಳು. ಪಲೆಂಬಾಂಗಿನಲ್ಲಿ ಹುಟ್ಟಿದ ದಿಯಾನ್ ಅವರು ಆ ಊರಿನ ಜುಂಪುತಾನ್ ಕಲೆಯನ್ನು, ಅಂದರೆ ಬಟ್ಟೆಯನ್ನು ಗಂಟು ಕಟ್ಟಿ ಬಣ್ಣದಲ್ಲಿ ಅದ್ದುವ ವಿಧಾನವನ್ನು, ಉದ್ದನೆಯ ನಿಲುವಂಗಿಗೂ ತಲೆವಸ್ತ್ರಕ್ಕೂ ತಂದರು. ನಮ್ಮ ಕಛ್ಛಿನ ಖತ್ರಿ ಕುಶಲಕರ್ಮಿಗಳ ಬಾಂಧಣಿಗೆ ಅದು ಹತ್ತಿರದ ಸಂಬಂಧಿ. ‘ಪೆಲಾಂಗಿ’ ಎಂದರೆ ಮಳೆಬಿಲ್ಲು. ಗಂಟು ಕಟ್ಟಿ ಬಣ್ಣ ಹಾಕಿದ ಬಟ್ಟೆಗೂ ಅಲ್ಲಿ ಅದೇ ಹೆಸರಿದೆ. ಯುನೆಸ್ಕೊ 2009ರಲ್ಲಿ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿದ ಬಾಟಿಕ್ ಅಂತೂ ಈ ಎಲ್ಲರ ಹಿಂದೆ ನಿಂತಿರುವ ಖಜಾನೆ. ಅದರಲ್ಲಿ ನನಗೆ ಬಹಳ ಪ್ರಿಯವಾದದ್ದು ಬೆಂಗ್ಕುಲು ಪ್ರಾಂತದ ‘ಬೆಸುರೆಕ್’ ಬಾಟಿಕ್. ಬಟ್ಟೆಯ ತುಂಬ ಅರಬ್ಬಿ ಅಕ್ಷರಗಳಂತೆ ಬಳುಕುವ ಗೆರೆಗಳು, ಆದರೆ ಉಡುವ ಬಟ್ಟೆಯಲ್ಲಿ ಅವು ಓದಲು ಬರುವ ಪದಗಳಾಗುವುದಿಲ್ಲ; ಪವಿತ್ರ ಪದ ಮೈಮೇಲೆ ಬಂದು ಅಗೌರವವಾಗಬಾರದೆಂಬ ಎಚ್ಚರ ಮತ್ತು ಲಿಪಿಯ ಸೌಂದರ್ಯವನ್ನು ಬಿಟ್ಟುಕೊಡಲಾಗದ ಆಸೆ ಎರಡೂ ಆ ಗೆರೆಗಳಲ್ಲಿ ಕೂಡಿವೆ. ವಿನ್ಯಾಸವೆಂದರೆ ಏನೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಮೊದಲು ತೋರಿಸುವುದು ಈ ಬಟ್ಟೆಯ ಚಿತ್ರವನ್ನೇ.

ಉಳಿದ ನಾಡುಗಳನ್ನು ಬೇಗ ದಾಟುತ್ತೇನೆ. ಟರ್ಕಿಯಲ್ಲಿ ಉದ್ದ ಕೋಟಿನಂಥ ‘ಪಾರ್ದೊಸು’ ಮತ್ತು ಚೌಕಾಕಾರದ ಅಚ್ಚುಹಾಕಿದ ರೇಷ್ಮೆ ತಲೆವಸ್ತ್ರ ನಗರದ ಹೆಣ್ಣುಮಕ್ಕಳ ಗುರುತಾದವು. 2016ರ ಮೇ ತಿಂಗಳಲ್ಲಿ ಇಸ್ತಾಂಬುಲ್ಲಿನ ಹೈದರ್‌ಪಾಷಾ ರೈಲು ನಿಲ್ದಾಣದಲ್ಲೇ ಮೈಮುಚ್ಚುವ ಉಡುಪುಗಳ ಪ್ರದರ್ಶನವಾದ ಮಾಡೆಸ್ಟ್ ಫ್ಯಾಷನ್ ವೀಕ್ ನಡೆಯಿತು. ಸುಡಾನಿನ ತೋಬ್ ಸುಮಾರು ನಾಲ್ಕೂವರೆ ಮೀಟರಿನ ಹೊಲಿಯದ ಬಟ್ಟೆ, ಸೀರೆ ಉಟ್ಟು ಬಲ್ಲ ನಮಗೆ ಅದರ ಸುತ್ತುವಿಕೆ ತಕ್ಷಣ ಅರ್ಥವಾಗುತ್ತದೆ. ಜಾಂಜಿಬಾರ್ ಮತ್ತು ಕೀನ್ಯಾ ಕರಾವಳಿಯ ಕಾಂಗಾ ಎಂಬ ಅಚ್ಚುಹಾಕಿದ ಹತ್ತಿ ಬಟ್ಟೆಯಲ್ಲಿ ಅಂಚು, ನಡುಭಾಗ ಮತ್ತು ಒಂದು ಸ್ವಾಹಿಲಿ ಗಾದೆ ಇರುತ್ತವೆ. ನೆರೆಯವಳಿಗೆ ಬಾಯಿಬಿಟ್ಟು ಹೇಳಲಾಗದ್ದನ್ನು ಉಟ್ಟ ಬಟ್ಟೆಯ ಗಾದೆಯಿಂದಲೇ ಹೇಳುವ ರೂಢಿ ಅಲ್ಲಿದೆ. ಪ್ಯಾಲೆಸ್ಟೀನಿನಲ್ಲಿ ತೋಬ್ ಎಂದರೆ ಹೊಲಿದ ನಿಲುವಂಗಿ; ಅದರ ಮೇಲಿನ ಅಡ್ಡಹೊಲಿಗೆಯ ಕಸೂತಿಯನ್ನು ನೋಡಿ ಹೆಂಗಸು ಯಾವ ಊರಿನವಳೆಂದು ಹೇಳಬಹುದಿತ್ತು. 2021ರಲ್ಲಿ ಅದೂ ಯುನೆಸ್ಕೊ ಪಟ್ಟಿಗೆ ಸೇರಿತು. ಸ್ಯಾನ್ ಫ್ರಾನ್ಸಿಸ್ಕೊದ ಡಿ ಯಂಗ್ ವಸ್ತುಸಂಗ್ರಹಾಲಯವು ಸಮಕಾಲೀನ ಮುಸ್ಲಿಂ ಉಡುಪುಗಳ ದೊಡ್ಡ ಪ್ರದರ್ಶನವನ್ನು 2018ರಲ್ಲಿ ಏರ್ಪಡಿಸಿತು. ಮುಂದೆ ಅದು ಫ್ರಾಂಕ್‌ಫರ್ಟ್ ಮತ್ತು ನ್ಯೂಯಾರ್ಕಿಗೂ ಹೋಯಿತು ಎಂಬುದನ್ನು ನಿಮ್ಮ ಸಹಪಾಠಿಗಳ ಗಮನಕ್ಕೆ ತನ್ನಿ.

ಕತ್ತರಿಕೆಯೇ ಮುಖ್ಯವೆಂಬ ನನ್ನ ಮಾತಿಗೆ ಗಟ್ಟಿ ಸಾಕ್ಷಿ ಬೇಕಾದರೆ ಆಟದ ಉಡುಪುಗಳನ್ನು ನೋಡಿ, ಏಕೆಂದರೆ ಅಲ್ಲಿ ಹರಳು ಯಾವ ಕೆಲಸಕ್ಕೂ ಬರುವುದಿಲ್ಲ. 1999ರಲ್ಲಿ ನೆದರ್‌ಲ್ಯಾಂಡ್ಸಿನ ಐಂಡ್‌ಹೋವನ್ ವಿನ್ಯಾಸ ಅಕಾಡೆಮಿಯ ವಿದ್ಯಾರ್ಥಿನಿ ಸಿಂಡಿ ಫಾನ್ ಡೆನ್ ಬ್ರೆಮನ್ ತಮ್ಮ ಪದವಿಯ ಪ್ರಾಜೆಕ್ಟಿಗೆ, ಅಂದರೆ ಈಗ ನೀವಿರುವ ಹಂತದಲ್ಲೇ, ಪಿನ್ನಿಲ್ಲದ ಆಟದ ತಲೆವಸ್ತ್ರವನ್ನು ಆರಿಸಿಕೊಂಡರು. ಅವರು ಮುಸ್ಲಿಮರಲ್ಲ. ಶಾಲೆಯ ವ್ಯಾಯಾಮದ ತರಗತಿಯಲ್ಲಿ ತಲೆವಸ್ತ್ರ ಅಪಾಯಕಾರಿ ಎಂಬ ತಕರಾರಿಗೆ ಅವರು ವಾದದ ಬದಲು ಬಟ್ಟೆಯಲ್ಲೇ ಉತ್ತರ ಹುಡುಕಿದರು: ಹಿಗ್ಗುವ ಬಟ್ಟೆ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಜೋಡಣೆ. 2011ರ ಜೂನಿನಲ್ಲಿ ಜೋರ್ಡಾನ್ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ತಲೆವಸ್ತ್ರದ ಕಾರಣಕ್ಕೆ ಇರಾನಿನ ಫುಟ್‌ಬಾಲ್ ಆಟಗಾರ್ತಿಯರು ಅಂಗಳಕ್ಕಿಳಿಯಲಾಗದೆ ಅತ್ತದ್ದು ಪತ್ರಿಕೆಗಳಲ್ಲಿ ಬಂತು. ಮರುವರ್ಷ ಫುಟ್‌ಬಾಲ್ ನಿಯಮ ಮಂಡಳಿಯು ಸುರಕ್ಷಿತ ವಿನ್ಯಾಸದ ತಲೆವಸ್ತ್ರಗಳಿಗೆ ಪ್ರಾಯೋಗಿಕ ಅನುಮತಿ ಕೊಟ್ಟು, 2014ರ ಮಾರ್ಚಿನಲ್ಲಿ ಅದನ್ನು ಕಾಯಂಗೊಳಿಸಿತು. ಕುತ್ತಿಗೆಯ ಬಳಿ ಬಟ್ಟೆ ಹೇಗೆ ಮುಗಿಯಬೇಕು ಎಂಬ ಹೊಲಿಗೆಯ ಪ್ರಶ್ನೆಗೆ ಸಿಕ್ಕ ಉತ್ತರದಿಂದ ಎಷ್ಟೋ ಹೆಣ್ಣುಮಕ್ಕಳಿಗೆ ಆಟದ ಅಂಗಳ ತೆರೆಯಿತು ಎಂಬುದನ್ನು ನೆನೆದಾಗಲೆಲ್ಲ ನನಗೆ ಈ ವೃತ್ತಿಯ ಬಗ್ಗೆ ಹೆಮ್ಮೆಯಾಗುತ್ತದೆ.

ಲೆಬನಾನಿನಲ್ಲಿ ಹುಟ್ಟಿ ಸಿಡ್ನಿಯಲ್ಲಿ ನೆಲೆಸಿದ ಅಹೆದಾ ಝನೆಟ್ಟಿ ಅವರ ಕಥೆಯೂ ಹೀಗೆಯೇ. ನೆಟ್‌ಬಾಲ್ ಆಡುವ ಸಂಬಂಧಿ ಹುಡುಗಿ ಪದರ ಪದರ ಬಟ್ಟೆಯಲ್ಲಿ ಬೆಂದುಹೋಗುವುದನ್ನು ಕಂಡು ಅವರು ಮೊದಲು ಆಟದ ಉಡುಪನ್ನೂ, 2004ರಲ್ಲಿ ಬುರ್ಕಿನಿ ಎಂಬ ಈಜುಡುಪನ್ನೂ ರೂಪಿಸಿದರು. ಈಜುವಾಗ ನೀರು ಮೇಲಂಗಿಯನ್ನು ಬಲೂನಿನಂತೆ ಉಬ್ಬಿಸಿ ಮೇಲೆತ್ತುತ್ತದೆ. ಅದನ್ನು ಒಳಗಿನಿಂದ ಕಾಲಂಗಿಗೆ ಕಟ್ಟುವ ವ್ಯವಸ್ಥೆಯೇ ಅಂಥ ಉಡುಪಿನ ಗುಟ್ಟು. 2016ರಲ್ಲಿ ಫ್ರಾನ್ಸಿನ ಕೆಲವು ಕಡಲತೀರದ ಊರುಗಳು ಇದನ್ನು ನಿಷೇಧಿಸಿದಾಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಅಂಥದೊಂದು ಆದೇಶಕ್ಕೆ ತಡೆ ನೀಡಿತು. ಅದೇ ವರ್ಷ ಅಮೆರಿಕದ ಇಬ್ತಿಹಾಜ್ ಮುಹಮ್ಮದ್ ತಲೆವಸ್ತ್ರ ತೊಟ್ಟೇ ರಿಯೊ ಒಲಿಂಪಿಕ್ಸಿನ ಕತ್ತಿವರಸೆಯ ತಂಡ ವಿಭಾಗದಲ್ಲಿ ಕಂಚು ಗೆದ್ದರು. 2017ರಲ್ಲಿ ನೈಕಿ ಕಂಪನಿ ತನ್ನ ಕ್ರೀಡಾ ಹಿಜಾಬನ್ನು ಮಾರುಕಟ್ಟೆಗೆ ತಂದಾಗ ಅದನ್ನು ದೊಡ್ಡ ಹೊಸತನವೆಂದು ಬಣ್ಣಿಸಲಾಯಿತಾದರೂ ಆ ಶ್ರೇಯಸ್ಸು ಮೊದಲು ಸಲ್ಲಬೇಕಾದದ್ದು ಸಿಂಡಿ ಮತ್ತು ಅಹೆದಾ ಎಂಬ ಈ ಇಬ್ಬರು ಹೆಂಗಸರಿಗೆ ಎಂಬುದು ನನ್ನ ಖಚಿತ ಅಭಿಪ್ರಾಯ. 2016ರ ಜನವರಿಯಲ್ಲಿ ಇಟಲಿಯ ದುಬಾರಿ ಉಡುಪಿನ ಕಂಪನಿ ಡೋಲ್ಚೆ ಅಂಡ್ ಗಬ್ಬಾನಾ ಹೊರತಂದ ಅಬಾಯಗಳ ಬಗ್ಗೆಯೂ ನನಗೆ ಹೆಚ್ಚಿನ ಉತ್ಸಾಹವಿಲ್ಲ. ಗೌರವ ಸಿಕ್ಕಿತೆಂದು ಸಂತೋಷಪಟ್ಟವರ ಭಾವನೆ ಅರ್ಥವಾಗುತ್ತದೆ, ಆದರೆ ಹಳೆಯ ಆಕಾರಕ್ಕೆ ದುಬಾರಿ ಲೇಸು ಮತ್ತು ಹೂವಿನ ಅಚ್ಚು ಹಚ್ಚುವುದು ನಿಮ್ಮ ಸಹಪಾಠಿಗಳು ಹೇಳುವ ಹರಳಿನ ಕೆಲಸದ ಶ್ರೀಮಂತ ರೂಪವಷ್ಟೇ.

ಹವೆಯ ಪ್ರಶ್ನೆ ಮಂಗಳೂರಿನವರಾದ ನಿಮಗೆ ಬೇರೆಲ್ಲರಿಗಿಂತ ಹೆಚ್ಚು ಮುಖ್ಯ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಅಧ್ಯಯನ, ಮರುಭೂಮಿಯ ಬಿಸಿಲಿನಲ್ಲಿ ಬೆದೂಯಿನರೆಂಬ ಅರಬ್ ಅಲೆಮಾರಿಗಳ ಕಪ್ಪು ನಿಲುವಂಗಿ ತೊಟ್ಟವರಿಗೂ ಬಿಳಿಯದನ್ನು ತೊಟ್ಟವರಿಗೂ ಮೈಗೆ ತಲುಪುವ ಶಾಖ ಒಂದೇ ಎಂದು ತೋರಿಸಿತು. ಕಪ್ಪು ಬಟ್ಟೆ ಹೆಚ್ಚು ಶಾಖ ಹೀರಿದರೂ, ಸಡಿಲ ನಿಲುವಂಗಿಯೊಳಗೆ ಆಡುವ ಗಾಳಿ ಅದನ್ನು ಚರ್ಮ ಮುಟ್ಟುವ ಮೊದಲೇ ಹೊತ್ತೊಯ್ಯುತ್ತಿತ್ತು. ಈ ಫಲಿತಾಂಶವನ್ನು ಕರಾವಳಿಗೆ ಹಾಗೆಯೇ ತರಬೇಡಿ. ಅಲ್ಲಿನದು ಒಣಹವೆ, ನಿಮ್ಮಲ್ಲಿ ಬೆವರು ಆರುವುದೇ ಇಲ್ಲ, ಮತ್ತು ಪಾಲಿಯೆಸ್ಟರಿನ ನಿದಾ ಅದನ್ನು ಹೀರುವುದೂ ಇಲ್ಲ. ಆದರೆ ಗಾಳಿಗೆ ದಾರಿ ಬಿಡುವ ಕತ್ತರಿಕೆ ಬಣ್ಣದಷ್ಟೇ ಕೆಲಸ ಮಾಡುತ್ತದೆ ಎಂಬ ಪಾಠ ನಿಮಗೂ ಸಲ್ಲುತ್ತದೆ. ಕಂಕುಳಿನ ಕೆಳಗೆ ಚೌಕದ ತುಂಡು ಸೇರಿಸಿ, ತೋಳು ಎತ್ತಿದಾಗ ಇಡೀ ನಿಲುವಂಗಿ ಮೇಲೇಳುವುದನ್ನು ತಪ್ಪಿಸಿ. ಬೆನ್ನಿನ ನಡುವೆ ಮೇಲುಪದರದಿಂದ ಮುಚ್ಚಿದ ಸೀಳು ಬಿಟ್ಟರೆ ಏನೂ ಕಾಣದೆ ಗಾಳಿ ಆಡುತ್ತದೆ. ಬಸ್ಸು ಹತ್ತುವವಳಿಗೆ, ಸ್ಕೂಟರ್ ಓಡಿಸುವವಳಿಗೆ ಬುಡದ ಸುತ್ತಳತೆ ಎಷ್ಟಿರಬೇಕೆಂದು ಕೂತು, ಎದ್ದು, ಹತ್ತಿ ಇಳಿದು ಅಳೆಯಿರಿ. ಅಮ್ಮನ ಗಿರಾಕಿಗಳು ಹರಳು ಕೇಳುವುದು ಬೇರೇನನ್ನು ಕೇಳಬಹುದೆಂದು ಅವರಿಗೆ ಯಾರೂ ತೋರಿಸದ ಕಾರಣಕ್ಕೂ ಇರಬಹುದು. ಸುಖವಾಗಿರುವ ಒಂದು ಮಾದರಿಯನ್ನು ಅವರಲ್ಲೇ ಇಬ್ಬರಿಗೆ ಒಂದು ವಾರ ತೊಡಲು ಕೊಟ್ಟು ನೋಡಿ.

ಇನ್ನೊಂದು ವಿಷಯವನ್ನು ಬಿಟ್ಟುಬಿಡಲಾರೆ. ಈ ಉಡುಪು ಕೆಲವೆಡೆ ಕಾನೂನಿನ ಬಲವಂತವೂ ಹೌದು, ಕೆಲವೆಡೆ ಕಾನೂನಿನ ನಿಷೇಧವೂ ಹೌದು. 1979ರ ಕ್ರಾಂತಿಯ ನಂತರದ ಇರಾನಿನಲ್ಲಿ ತಲೆವಸ್ತ್ರ ಕಡ್ಡಾಯವಾಯಿತು. ಅಲ್ಲಿ ಮಾಂತೊ ಎಂಬ ಮೇಲಂಗಿಯ ಉದ್ದ ಒಂದು ಗೇಣು ಕಡಿಮೆಯಾಗುವುದೂ ಹೆಂಗಸಿನ ಪ್ರತಿರೋಧವಾಗಿತ್ತು, ಮತ್ತು 2022ರಲ್ಲಿ ಮಹ್ಸಾ ಅಮೀನಿ ಪೊಲೀಸ್ ವಶದಲ್ಲಿ ಸತ್ತ ಮೇಲೆ ಅದು ಬೀದಿಗೆ ಬಂತು. ಅದೇ 2022ರಲ್ಲಿ ನಮ್ಮ ರಾಜ್ಯದ ಕಾಲೇಜುಗಳ ಬಾಗಿಲಲ್ಲಿ ಹೆಣ್ಣುಮಕ್ಕಳು ಹಿಜಾಬ್ ಕಳಚಬೇಕಾಯಿತು. ಮಾರ್ಚ್ 15ರಂದು ಹೈಕೋರ್ಟ್ ಸರಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ನಾನು ಯಾವ ಹೆಣ್ಣಿಗೂ ತೊಡು ಎಂದೂ ಕಳಚು ಎಂದೂ ಹೇಳುವುದಿಲ್ಲ. ತೊಡಬೇಕೆಂದು ತಾನೇ ನಿರ್ಧರಿಸಿದವಳಿಗೆ ಒಳ್ಳೆಯ ಉಡುಪು ಸಿಗಬೇಕು ಎಂಬಲ್ಲಿಗೆ ವಿನ್ಯಾಸಕಾರ್ತಿಯ ಹೊಣೆ ಆರಂಭವಾಗುತ್ತದೆ. ಆದ್ದರಿಂದ ನಿಮ್ಮ ಪ್ರಾಜೆಕ್ಟಿನಲ್ಲಿ ‘ಮುಸ್ಲಿಂ ಮಹಿಳೆ’ ಎಂದು ಬರೆಯುವ ಬದಲು ಆಸ್ಪತ್ರೆಯ ನರ್ಸ್, ಬೀಡಿ ಕಟ್ಟುವ ಅಕ್ಕ, ಕಾಲೇಜಿನ ಹುಡುಗಿ ಹೀಗೆ ತೊಡುವವಳು ಯಾರೆಂದು ಸ್ಪಷ್ಟವಾಗಿ ಬರೆಯಿರಿ.

ಎಲ್ಲಿಂದ ಆರಂಭಿಸಲಿ ಎಂಬ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಸಲಹೆ ಕರ್ನಾಟಕದ ಬಟ್ಟೆಯಿಂದ ಎಂಬುದು. ಗುಳೇದಗುಡ್ಡದ ಖಣ ಅಗಲ ಕಡಿಮೆಯಿರುವ ಬಟ್ಟೆಯಾದ್ದರಿಂದ ಇಡೀ ನಿಲುವಂಗಿಗೆ ಒದಗದು. ಹೆಗಲ ಪಟ್ಟಿ, ತೋಳಿನ ತುದಿ, ಕೊರಳ ಸುತ್ತಿಗೆ ಅದಕ್ಕಿಂತ ಚೆಂದದ್ದು ಸಿಗಲಾರದು. ಮೈಸೂರಿನ ರೇಷ್ಮೆ ಕ್ರೇಪ್ ನೂಲನ್ನು ಹೆಚ್ಚು ಹುರಿಗೊಳಿಸಿ ನೇಯ್ದದ್ದಾದ್ದರಿಂದ ಭಾರವಾಗಿ ಇಳಿಯುತ್ತದೆ, ಸ್ಯಾಟಿನ್ನಿನಷ್ಟು ಜಾರುವುದಿಲ್ಲ. ಮದುವೆಯ ತಲೆವಸ್ತ್ರಕ್ಕೆ ಅದನ್ನು ಪ್ರಯತ್ನಿಸಿ. ದಿನಬಳಕೆಗೆ ಹಗುರ ಕೈಮಗ್ಗದ ಹತ್ತಿ ಸಾಕು, ಒಳಗೆ ಇನ್ನರ್ ಕ್ಯಾಪ್ ಇದ್ದರೆ ಪಿನ್ನಿನ ಅಗತ್ಯವೂ ಕಡಿಮೆ. ಇವೆಲ್ಲಕ್ಕಿಂತ ನನಗೆ ಹೆಚ್ಚು ಆಸೆಯಿರುವುದು ಧಾರವಾಡದ ಕಸೂತಿಯ ಮೇಲೆ. ತಲೆವಸ್ತ್ರ ಸುತ್ತಿ ಮಡಚಿದಾಗ ಬಟ್ಟೆಯ ಎರಡೂ ಮೈ ಕಾಣುತ್ತವೆ. ಸಾಮಾನ್ಯ ಕಸೂತಿಯ ಹಿಂಬದಿಯ ಗಂಟುಗಳು ಹೊರಗೆ ಬಂದು ಕೆಡುತ್ತವೆ, ಕೆನ್ನೆಗೂ ಚುಚ್ಚುತ್ತವೆ. ಆದರೆ ಧಾರವಾಡ ಕಸೂತಿಯ ಗವಂತಿ ಮತ್ತು ಮುರ್ಗಿ ಹೊಲಿಗೆಗಳಲ್ಲಿ ಗಂಟು ಹಾಕುವುದಿಲ್ಲ, ಎರಡೂ ಬದಿಗೆ ಒಂದೇ ಚಿತ್ತಾರ ಮೂಡುತ್ತದೆ. ತಲೆವಸ್ತ್ರಕ್ಕೆಂದೇ ಮಾಡಿದಂತಿರುವ ಈ ಹೊಲಿಗೆಯನ್ನು ಎರಡು ಮೀಟರ್ ತೆಳು ಹತ್ತಿಯ ಮಲ್ ಬಟ್ಟೆಯ ಅಂಚಿಗೆ ಎರಡು ಬೆರಳಗಲ ಹಾಕಿ, ಒಮ್ಮೆ ತೊಳೆದು, ಅಮ್ಮನ ತಲೆಗೆ ಸುತ್ತಿ ನೋಡಿ. ಎಲ್ಲಿ ಮಡಿಕೆ ಬೀಳುತ್ತದೆ, ಚಿತ್ತಾರ ಎಲ್ಲಿ ಕಾಣುತ್ತದೆ, ಎಲ್ಲಿ ಮರೆಯಾಗುತ್ತದೆ ಎಂಬುದನ್ನು ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡು ಎರಡನೆಯ ಮಾದರಿಗೆ ಕೈಹಾಕಿ.